ಎಣ್ಣೆ ಸಿಕ್ಕ ಮೇಲೂ ಮುಳುಗಿದ ಕಂಪನಿ



ಕಲ್ಲಾಂಗ್ ನದಿಯ ದಂಡೆಯಲ್ಲಿ ಸಂಜೆ ಓಡಲು ಹೋಗುವವರು, ಸ್ಟೇಡಿಯಮ್ಮಿಗೆ ಆಟ ನೋಡಲು ಹೋಗುವವರು ನಿಮ್ಮಲ್ಲಿ ತುಂಬಾ ಜನ ಇದ್ದೀರಿ. ಆ ಕಡೆಯೇ 1862ರಿಂದ 1998ರವರೆಗೆ ಒಂದು ಗ್ಯಾಸ್ ಕಾರ್ಖಾನೆ ಇತ್ತು. ಈ ಊರಿನ ಬೀದಿದೀಪಗಳು ಅಲ್ಲಿಂದ ಬಂದ ಅನಿಲದಿಂದ ಉರಿದವು. ಅದಕ್ಕೆ ಬೇಕಾದ ಕಲ್ಲಿದ್ದಲು ಹಡಗಿನಲ್ಲಿ ಬರುತ್ತಿತ್ತು, ಆಮೇಲೆ ಎಣ್ಣೆಯೂ ಹಾಗೇ ಬಂತು. ಸಿಂಗಪುರದ ನೆಲದಲ್ಲಿ ಒಂದು ತೊಟ್ಟು ಎಣ್ಣೆ ಇಲ್ಲ ನೋಡಿ. ಆದರೆ ಬೇರೆಯವರ ಕಡಲಲ್ಲಿ ಎಣ್ಣೆ ಹುಡುಕುತ್ತೇವೆ ಎನ್ನುವ ಕಂಪನಿಗಳು ಇಲ್ಲಿನ ಷೇರುಪೇಟೆಗೆ ಬಂದು ದುಡ್ಡು ಕೇಳುತ್ತವೆ. ಕೊಡುವವರಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ಜೊತೆಗೆ ಟ್ಯಾಕ್ಸಿ ಓಡಿಸುವವರು, ನಿವೃತ್ತ ಮೇಷ್ಟ್ರು, ನಮ್ಮ ನಿಮ್ಮ ಮನೆಯವರೂ ಇರುತ್ತಾರೆ.

ಈಗ ನಿಮ್ಮ ಸರದಿ ಬಂದಿದೆ. ಹದಿನೆಂಟು ತುಂಬಿದರೆ ಸಿಡಿಪಿ ಖಾತೆ ತೆರೆಯಬಹುದು. ಎನ್‌ಎಸ್ ಭತ್ಯೆಯಲ್ಲಿ ಉಳಿಸಿದ ದುಡ್ಡು ಕೈಯಲ್ಲಿರುತ್ತದೆ, ಫೋನಿನಲ್ಲಿ ಆ್ಯಪ್ ಇರುತ್ತದೆ. ಡಾಲರಿಗಿಂತ ಎಷ್ಟೋ ಕೆಳಗೆ, ಕೆಲವೇ ಸೆಂಟಿಗೆ ಸಿಗುವ ಷೇರು ಕಂಡರೆ ಮನಸ್ಸು ಜಗ್ಗುವುದು ಸಹಜ. ಅದಕ್ಕೇ ಇವತ್ತು ಒಂದು ಕಂಪನಿಯ ಕಥೆ ಹೇಳುತ್ತೇನೆ. ಅದರ ಸಣ್ಣ ಷೇರುದಾರರು ವರ್ಷಗಟ್ಟಲೆ ಒಂದೇ ಪ್ರಶ್ನೆಯ ಮೇಲೆ ಜಗಳವಾಡಿದರು: ಎಣ್ಣೆ ಸಿಗುತ್ತದೆಯೋ ಇಲ್ಲವೋ? ಕೊನೆಗೆ ಎಣ್ಣೆ ಸಿಕ್ಕೇ ಸಿಕ್ಕಿತು. ಅದಾಗಿ ಐದು ತಿಂಗಳು ಕಳೆಯುವಷ್ಟರಲ್ಲಿ ಕಂಪನಿ ಬಾಗಿಲು ಮುಚ್ಚುವುದಾಗಿ ಹೇಳಿತು.

ಕಂಪನಿಯ ಹೆಸರು ಕ್ರಿಸ್‌ಎನರ್ಜಿ. 2009ರಲ್ಲಿ ಹುಟ್ಟಿದ್ದು. ಸ್ಥಾಪಿಸಿದವರು ಈ ಕಸುಬಿನಲ್ಲಿ ಪಳಗಿದವರು, ಹಿಂದೆಯೂ ಒಂದು ಎಣ್ಣೆ ಕಂಪನಿ ಕಟ್ಟಿ ಒಳ್ಳೆ ಬೆಲೆಗೆ ಮಾರಿದ್ದವರು. ಕೆಪ್ಪೆಲ್‌ನಂಥ ಹೆಸರುವಾಸಿ ಸಂಸ್ಥೆ ದೊಡ್ಡ ಪಾಲುದಾರನಾಗಿ ಬಂದಿತ್ತು. 2013ರ ಜುಲೈನಲ್ಲಿ ಸಿಂಗಪುರ ಷೇರುಪೇಟೆಗೆ ಬಂದಾಗ ಷೇರಿನ ಬೆಲೆ 1 ಡಾಲರ್ 10 ಸೆಂಟು. ಆಗ ಬ್ಯಾರಲ್ ಎಣ್ಣೆಗೆ 100 ಅಮೆರಿಕನ್ ಡಾಲರಿಗೂ ಹೆಚ್ಚಿತ್ತು. ಥಾಯ್ಲೆಂಡ್ ಕೊಲ್ಲಿಯಲ್ಲಿ ಬಾವಿಗಳು, ಬಾಂಗ್ಲಾದೇಶದಲ್ಲಿ ಅನಿಲ, ಇಂಡೋನೇಷ್ಯಾದಲ್ಲಿ ಹುಡುಕಾಟ ಎಲ್ಲ ಇದ್ದವು. 2014ರಲ್ಲಿ ಅಮೆರಿಕದ ಶೆವ್ರಾನ್ ಕಂಪನಿಯಿಂದ ಕಾಂಬೋಡಿಯಾ ಕಡಲಿನ ಒಂದು ಕ್ಷೇತ್ರದ ಪಾಲನ್ನು 6.5 ಕೋಟಿ ಅಮೆರಿಕನ್ ಡಾಲರಿಗೆ ಕೊಂಡರು. ಆ ಕ್ಷೇತ್ರದ ಹೆಸರು ಅಪ್ಸರಾ. ಹೆಸರೇ ಹಾಗೆ, ಕಂಡವರಿಗೆಲ್ಲ ಮೋಹ.

ಅಪ್ಸರಾ ಕೊಂಡ ವರ್ಷವೇ ಎಣ್ಣೆಯ ಬೆಲೆ ಬೀಳಲು ಶುರುವಾಯಿತು. 2016ರ ಜನವರಿಗೆ ಬ್ಯಾರಲಿಗೆ 30 ಡಾಲರಿಗೂ ಕೆಳಗೆ ಇಳಿಯಿತು.

ಎಣ್ಣೆ ಹುಡುಕುವ ಕೆಲಸ ಹೇಗಿರುತ್ತದೆ ಎಂದು ತಿಳಿಯಲು ಕಡಲಿಗೆ ಹೋಗಬೇಕಿಲ್ಲ. ರಜೆಗೆ ಊರಿಗೆ ಹೋದಾಗ ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಕಡೆಯ ನೆಂಟರನ್ನು ಕೇಳಿ. ಅಲ್ಲಿ ಕೊಳವೆಬಾವಿ ಕೊರೆಸುತ್ತಾರೆ. ಮೊದಲು ‘ಪಾಯಿಂಟ್’ ನೋಡುವವರು ಬರುತ್ತಾರೆ. ಕೆಲವರ ಕೈಯಲ್ಲಿ ಯಂತ್ರ, ಕೆಲವರ ಅಂಗೈ ಮೇಲೆ ತೆಂಗಿನಕಾಯಿ. ಕಾಯಿ ಎದ್ದು ನಿಂತಲ್ಲಿ ನೀರು ಎಂಬ ನಂಬಿಕೆ. ಆಮೇಲೆ ಲಾರಿ ಬರುತ್ತದೆ, ಅಡಿಗಿಷ್ಟು ಎಂದು ಲೆಕ್ಕ ಓಡುತ್ತದೆ. ಐನೂರು ಅಡಿ ಹೋದರೂ ಬರೀ ಧೂಳು ಎದ್ದರೆ ಲಾರಿಯವನು ಕೇಳುತ್ತಾನೆ, ‘ನಿಲ್ಲಿಸಲಾ, ಇನ್ನೈವತ್ತು ಅಡಿ ಬಿಡಲಾ?’ ಇಡೀ ರೈತ ಜೀವನದಲ್ಲಿ ಇಷ್ಟು ಕಷ್ಟದ ಪ್ರಶ್ನೆ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ. ನಿಲ್ಲಿಸಿದರೆ ಇದುವರೆಗೆ ಹಾಕಿದ ದುಡ್ಡು ಮಣ್ಣುಪಾಲು. ಬಿಟ್ಟರೆ ಸಾಲ ಬೆಳೆಯುತ್ತದೆ. ನೀರು ಮಾತ್ರ ಐದಡಿ ಕೆಳಗೂ ಇರಬಹುದು, ಇಲ್ಲದೆಯೂ ಇರಬಹುದು.

ಎಣ್ಣೆ ಕಂಪನಿಯದೂ ಇದೇ ಪಾಡು, ಸೊನ್ನೆಗಳು ಮಾತ್ರ ಹೆಚ್ಚು. ತೆಂಗಿನಕಾಯಿಯ ಬದಲು ಅವರ ಬಳಿ ಕಡಲ ತಳಕ್ಕೆ ಶಬ್ದದ ಅಲೆ ಕಳಿಸಿ ಚಿತ್ರ ತೆಗೆಯುವ ತಂತ್ರ ಇದೆ. ಅದು ಕಾಯಿಗಿಂತ ಎಷ್ಟೋ ಮೇಲು. ಆದರೂ ಕೊರೆಯದೆ ಗೊತ್ತಾಗುವುದಿಲ್ಲ. ಆದ್ದರಿಂದ ಕಂಪನಿಗಳು ತಮ್ಮಲ್ಲಿರುವ ಎಣ್ಣೆಯನ್ನು ಸಂಭವದ ಲೆಕ್ಕದಲ್ಲಿ ಹೇಳುತ್ತವೆ. ವರದಿಗಳಲ್ಲಿ 1ಪಿ, 2ಪಿ, 3ಪಿ ಎಂದು ಬರುವುದು ಇದೇ. 1ಪಿ ಎಂದರೆ ಕನಿಷ್ಠ ಇಷ್ಟು ಸಿಗುವ ಸಾಧ್ಯತೆ ನೂರಕ್ಕೆ ತೊಂಬತ್ತು. 2ಪಿ ಎಂದರೆ ನೂರಕ್ಕೆ ಐವತ್ತು, ನಾಣ್ಯ ಚಿಮ್ಮಿದ ಹಾಗೆ. 3ಪಿ ನೂರಕ್ಕೆ ಹತ್ತು. ಇವೆಲ್ಲವೂ ‘ಈಗಿನ ಬೆಲೆಯಲ್ಲಿ ತೆಗೆದರೆ ಗಿಟ್ಟುತ್ತದೆ’ ಎಂಬ ಎಣ್ಣೆಗೆ ಮಾತ್ರ. ಅದಕ್ಕೂ ಆಚೆ, ಇನ್ನೂ ಕೊರೆದೇ ನೋಡದ ಕಡೆಯ ಅಂದಾಜೂ ವರದಿಯಲ್ಲಿ ಇರುತ್ತದೆ. ಅದನ್ನೂ ಕೂಡಿಸಿಕೊಂಡು ಷೇರಿನ ಬೆಲೆ ಕಟ್ಟುವವರಿಗೆ ನಮ್ಮಲ್ಲಿ ಗಾದೆಯೇ ಇದೆ: ಕೂಸು ಹುಟ್ಟುವ ಮುಂಚೆ ಕುಲಾವಿ. ಕುಲಾವಿ ಎಂದರೆ ಮಗುವಿನ ಟೋಪಿ. ನಿಮಗೆ ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಿ, ಪೆಟ್ಟಿಗೆಯಲ್ಲಿ ಒಂದು ಇದ್ದರೂ ಇದ್ದೀತು.

ಮುಗ್ಗರಿಸುತ್ತಿರುವ ಇಂಥ ಕಂಪನಿಯ ಷೇರುದಾರರು ಒಂದೆಡೆ ಸೇರಿದರೆ ಸಾಮಾನ್ಯವಾಗಿ ಮೂರು ದನಿ ಕೇಳುತ್ತದೆ.

ಮೊದಲನೆಯದು ನಂಬಿಕೆಯ ದನಿ. ‘ನೆಲದಡಿಯ ಎಣ್ಣೆಯನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿ ನೋಡಿ, ಒಂದು ಷೇರಿಗೆ ಎಷ್ಟು ಬೆಲೆ ಬರುತ್ತದೆ! ಪೇಟೆಯಲ್ಲಿ ಅದರ ಕಾಲುಭಾಗಕ್ಕೂ ಸಿಗುತ್ತಿದೆ.’ ಲೆಕ್ಕ ತಪ್ಪಲ್ಲ, ಅರ್ಧ. ಆ ಎಣ್ಣೆ ಮೇಲೆ ಬರಲು ಬಾವಿ ಬೇಕು, ಅಟ್ಟಣಿಗೆ ಬೇಕು, ಹಡಗು ಬೇಕು, ಕೊನೆಗೆ ಬಾವಿ ಬತ್ತಿದ ಮೇಲೆ ಎಲ್ಲವನ್ನೂ ಕಿತ್ತು ಕಡಲನ್ನು ಮೊದಲಿನಂತೆ ಮಾಡಿಕೊಡುವ ಖರ್ಚೂ ಬೇಕು.

ಎರಡನೆಯದು ಸರಾಸರಿಯ ದನಿ. ಉದಾಹರಣೆಗೆ 1.10 ಡಾಲರಿನಂತೆ 1,000 ಷೇರು ಕೊಂಡಿದ್ದೀರಿ, 1,100 ಡಾಲರ್ ಹೋಗಿದೆ. ಬೆಲೆ 20 ಸೆಂಟಿಗೆ ಬಿತ್ತು. ಇನ್ನೂ 4,000 ಷೇರು ಕೊಂಡರೆ ಸರಾಸರಿ ಬೆಲೆ 38 ಸೆಂಟಿಗೆ ಇಳಿಯುತ್ತದೆ. ಮನಸ್ಸಿಗೆ ಹಾಯೆನಿಸುತ್ತದೆ. ಆದರೆ ಅದೇ ಬಾವಿಯಲ್ಲಿ ಈಗ ನಿಮ್ಮ 1,900 ಡಾಲರ್ ಇದೆ. ಕಡಿಮೆಯಾದದ್ದು ಸರಾಸರಿ, ಹೆಚ್ಚಾದದ್ದು ಅಪಾಯ. ಇದು ಇನ್ನೈವತ್ತು ಅಡಿಯ ಇನ್ನೊಂದು ರೂಪ.

ಮೂರನೆಯದು ‘ದೊಡ್ಡವರು ಕೈಬಿಡುವುದಿಲ್ಲ’ ಎಂಬ ದನಿ. ಇದು ಎಲ್ಲಕ್ಕಿಂತ ಬಲವಾದದ್ದು. ಕೆಪ್ಪೆಲ್ ಇದೆ, ಸಾಲ ಕೊಟ್ಟ ಡಿಬಿಎಸ್ ಇದೆ, ಇಷ್ಟು ಹಾಕಿದವರು ಮುಳುಗಲು ಬಿಡುತ್ತಾರೆಯೇ? ಇದಕ್ಕೆ ಉತ್ತರ ಹೇಳಬೇಕಾದರೆ ನಾನು ನಿಮ್ಮನ್ನು ಒಂದು ಮದುವೆ ಮನೆಗೆ ಕರೆದುಕೊಂಡು ಹೋಗಬೇಕು.

ಊರಿನ ಮದುವೆಯಲ್ಲಿ ಊಟ ಪಂಕ್ತಿಯಲ್ಲಿ ನಡೆಯುತ್ತದೆ. ಒಂದು ಪಂಕ್ತಿ ಎದ್ದ ಮೇಲೆ ಇನ್ನೊಂದು. ಕಂಪನಿ ಮುಳುಗಿದಾಗಲೂ ಹಾಗೇ. ಮೊದಲ ಪಂಕ್ತಿಯಲ್ಲಿ ಆಸ್ತಿ ಅಡವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳು. ಆಮೇಲೆ ನೌಕರರ ಬಾಕಿ ಸಂಬಳ, ತೆರಿಗೆಯಂಥವು. ಆಮೇಲೆ ಅಡಮಾನವಿಲ್ಲದೆ ಸಾಲ ಕೊಟ್ಟವರು, ಸಾಲಪತ್ರ ಕೊಂಡವರು, ಬಿಲ್ ಬಾಕಿ ಇರುವ ಗುತ್ತಿಗೆದಾರರು. ಕಟ್ಟಕಡೆಯ ಪಂಕ್ತಿ ಷೇರುದಾರರದು. ನ್ಯಾಯವಾಗಿಯೇ ಇದೆ ಇದು. ಕಂಪನಿ ಗೆದ್ದು ಹೋಳಿಗೆ ಬುಟ್ಟಿಗಟ್ಟಲೆ ಉಳಿದರೆ ಅದೆಲ್ಲವೂ ಕೊನೆಯ ಪಂಕ್ತಿಗೇ, ಬ್ಯಾಂಕಿಗೆ ಅಸಲು ಬಡ್ಡಿ ಬಿಟ್ಟರೆ ಒಂದು ತುಂಡೂ ಹೆಚ್ಚಿಗೆ ಇಲ್ಲ. ಆ ಆಸೆಗೇ ಅಲ್ಲವೇ ನಾವು ಕೊನೆಯಲ್ಲಿ ಕೂರಲು ಒಪ್ಪಿದ್ದು. ಆದರೆ ಅಡುಗೆ ಸಾಲದೆ ಹೋದ ದಿನ ಎಲೆ ಹಾಕಿಕೊಂಡು ಕುಳಿತವರಿಗೆ ಮಜ್ಜಿಗೆಯೂ ಸಿಗುವುದಿಲ್ಲ.

ಈಗ ‘ದೊಡ್ಡವರು’ ಎಲ್ಲಿ ಕೂತಿದ್ದಾರೆ ನೋಡಿ. ಕೆಪ್ಪೆಲ್ ನಮ್ಮ ಜೊತೆ ಕೊನೆಯ ಪಂಕ್ತಿಯಲ್ಲೂ ಇತ್ತು, ಮುಂದಿನ ಪಂಕ್ತಿಗಳಲ್ಲೂ ಇತ್ತು. ಅಪ್ಸರಾದ ಬಾವಿ ಕೊರೆಯಲು 2020ರಲ್ಲಿ 8.7 ಕೋಟಿ ಅಮೆರಿಕನ್ ಡಾಲರ್ ಬೇಕಾದಾಗ ಅದು ಕೊಡಲು ಮುಂದಾದದ್ದು ಸಾಲವಾಗಿ, ಷೇರು ಕೊಂಡಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಹೊಸ ದುಡ್ಡು ಹಾಕುವವರು ಮುಂದಿನ ಸಾಲಿನಲ್ಲಿ ಜಾಗ ಕೇಳುವುದು ಎಲ್ಲ ಕಡೆ ಇರುವ ವಾಡಿಕೆ. ಕೆಪ್ಪೆಲ್ ಕೂಡ ಕೊನೆಗೆ ದೊಡ್ಡ ನಷ್ಟವನ್ನೇ ಬರೆದುಕೊಂಡಿತು. ಆದರೆ ಕಂಪನಿಯನ್ನು ಕಾಪಾಡುವುದೂ ಸಣ್ಣ ಷೇರುದಾರನನ್ನು ಕಾಪಾಡುವುದೂ ಒಂದೇ ಅಲ್ಲ. ಆ ಮೂರನೆಯ ದನಿಗೆ ಕೇಳಿಸದೆ ಹೋದದ್ದು ಇದು.

ಮುಳುಗುವ ಮೊದಲೇ ಇನ್ನೊಂದು ನಡೆಯುತ್ತದೆ, ತೆಳುವಾಗುವುದು. ಕಂಪನಿಯಲ್ಲಿ ಒಟ್ಟು 100 ಷೇರು, ನಿಮ್ಮದು 10 ಎಂದುಕೊಳ್ಳಿ. ಹತ್ತರಲ್ಲೊಂದು ಪಾಲು ನಿಮ್ಮದು. ಸಾಲಗಾರರಿಗೆ ಕೊಡಲು ದುಡ್ಡಿಲ್ಲ, ಬದಲಿಗೆ 400 ಹೊಸ ಷೇರು ಕೊಟ್ಟರು. ನಿಮ್ಮ 10 ಷೇರು ಹಾಗೇ ಇದೆ, ಪಾಲು ಮಾತ್ರ ಐವತ್ತರಲ್ಲೊಂದು. ಸಾರಿಗೆ ನೀರು ಬೆರೆಸಿದ ಹಾಗೆ. ಕ್ರಿಸ್‌ಎನರ್ಜಿ 2015ರಲ್ಲಿ ಹಕ್ಕಿನ ಷೇರು ಹೊರಡಿಸಿ ಷೇರುದಾರರಿಂದಲೇ ಮತ್ತೆ ದುಡ್ಡು ಎತ್ತಿತು. ಅದರ 13 ಕೋಟಿ ಮತ್ತು 20 ಕೋಟಿ ಸಿಂಗಪುರ ಡಾಲರಿನ ಎರಡು ಸಾಲಪತ್ರಗಳಿದ್ದವು. 2017ರಲ್ಲಿ ಅವುಗಳ ಮರುಪಾವತಿಯ ಅವಧಿಯನ್ನು ವರ್ಷಗಟ್ಟಲೆ ಮುಂದಕ್ಕೆ ಹಾಕಿಸಿಕೊಂಡಿತು. ಪ್ರತಿ ಸಲವೂ ಷೇರುದಾರರಿಗೆ ಉಸಿರು ಬಂದಂತಾಯಿತು. ಪ್ರತಿ ಸಲವೂ ಅವರ ಮುಂದಿನ ಪಂಕ್ತಿ ಇನ್ನಷ್ಟು ಉದ್ದವಾಯಿತು.

ಇಂಥ ಚರ್ಚೆ ಕನ್ನಡದವರ ನಡುವೆ ನಡೆದರೆ ಯಾರಾದರೂ ಒಬ್ಬರು ಕೆಜಿಎಫ್ ತೆಗೆಯದೆ ಬಿಡುವುದಿಲ್ಲ. ಸಿನಿಮಾದ ಕೆಜಿಎಫ್ ಅಲ್ಲ, ನಿಜವಾದ ಕೋಲಾರದ ಚಿನ್ನದ ಗಣಿ. ಆ ಕಥೆ ನಿಮಗೆ ಗೊತ್ತಿರಬೇಕು, ಏಕೆಂದರೆ ಅದು ನಿಜಕ್ಕೂ ದೊಡ್ಡ ಕಥೆ. 1880ರ ಹೊತ್ತಿಗೆ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಷೇರು ಕೊಂಡವರು ಹೆಚ್ಚಾಗಿ ಕೋಲಾರವನ್ನು ಕಣ್ಣಲ್ಲಿ ಕಾಣದವರು. ಕೆಲವು ವರ್ಷ ಅಗೆದರೂ ಚಿನ್ನ ಇಲ್ಲ. ಬಂಡವಾಳದಲ್ಲಿ ಉಳಿದದ್ದು ಸುಮಾರು 13,000 ಪೌಂಡ್. ಷೇರುದಾರರಲ್ಲಿ ಬಹುಮಂದಿಯ ಅಭಿಪ್ರಾಯ ಸರಳವಾಗಿತ್ತು: ಸಾಕು, ಉಳಿದದ್ದನ್ನು ಹಂಚಿಕೊಂಡು ಮನೆಗೆ ಹೋಗೋಣ. ಜಾನ್ ಟೇಲರ್ ಎಂಬ ಗಣಿ ತಜ್ಞರು ಬೇಡ ಎಂದರು, ಉಳಿದ ದುಡ್ಡನ್ನೂ ಅಗೆಯಲು ಹಾಕೋಣ ಎಂದು ಒಪ್ಪಿಸಿದರು. ಪ್ಲಮ್ಮರ್ ಎಂಬ ಗಣಿ ಕ್ಯಾಪ್ಟನ್ ಹೊಸದಾಗಿ ಹುಡುಕಾಡಿ, ಹಳೆಯ ಕಾಲದವರು ಅಗೆದು ಬಿಟ್ಟಿದ್ದ ಜಾಗದ ಕೆಳಗೇ ಚಾಂಪಿಯನ್ ಲೋಡ್ ಎಂಬ ಚಿನ್ನದ ಸಾಲು ಕಂಡುಕೊಂಡರು. ಮುಂದಿನದು ಚರಿತ್ರೆ. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು, ಅದಕ್ಕೆಂದೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು, 2001ರವರೆಗೂ ಕೆಲಸ ನಡೆಯಿತು.

‘ನೋಡಿದಿರಾ, ಬಿಟ್ಟುಹೋಗಿದ್ದರೆ?’ ಎನ್ನುತ್ತಾರೆ ಕಥೆ ಹೇಳಿದವರು. ಸರಿ. ಆದರೆ ಅದೇ ಕಾಲದಲ್ಲಿ, ಅದೇ ಲಂಡನ್ನಿನಲ್ಲಿ, ನಮ್ಮ ಗುಂಡ್ಲುಪೇಟೆಯಿಂದ ತುಂಬಾ ದೂರವಲ್ಲದ ಪಂಡಲೂರು, ದೇವಾಲದ ಕಡೆ ಚಿನ್ನ ತೆಗೆಯುತ್ತೇವೆಂದು ಹತ್ತಾರು ಕಂಪನಿಗಳು ಎದ್ದಿದ್ದವು. ಅವುಗಳಲ್ಲೂ ಷೇರುದಾರರು ಕಾದರು, ಇನ್ನಷ್ಟು ಹಾಕಿದರು. ಕೆಲವೇ ವರ್ಷಗಳಲ್ಲಿ ಎಲ್ಲ ಮಣ್ಣು ಮುಕ್ಕಿದವು. ಯಶ್ ಪಂಡಲೂರಿಗೆ ಹೋಗಲಿಲ್ಲ, ಆದ್ದರಿಂದ ಆ ಕಥೆ ನಿಮಗೆ ಗೊತ್ತಿಲ್ಲ.

ನನಗೆ ಮುಖ್ಯ ಅನ್ನಿಸುವ ವ್ಯತ್ಯಾಸ ಇನ್ನೊಂದಿದೆ. ಟೇಲರ್ ಮಾತಿಗೆ ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸಿದವರು ಷೇರುದಾರರು. ಉಳಿದ 13,000 ಪೌಂಡ್ ಅವರದು. ಹಂಚಿಕೊಳ್ಳಲೂಬಹುದಿತ್ತು, ಅಗೆಯಲೂಬಹುದಿತ್ತು. ಸಾಲದಲ್ಲಿ ಮುಳುಗಿದ ಕಂಪನಿಯಲ್ಲಿ ಆ ಪ್ರಶ್ನೆಯನ್ನು ಷೇರುದಾರರನ್ನು ಯಾರೂ ಕೇಳುವುದಿಲ್ಲ. ಕಾಯುವ ತಾಳ್ಮೆ ನಮಗೆ ಎಷ್ಟಿದ್ದರೂ ಸಾಲದ ಗಡುವಿಗೆ ತಾಳ್ಮೆ ಇರುವುದಿಲ್ಲ. ‘ಎಣ್ಣೆ ಇದೆಯೇ?’ ಎಂಬುದರ ಜೊತೆಗೆ ಕೇಳಬೇಕಾದ ಎರಡು ಮಾತು ಇವೇ: ಅದು ಸಿಗುವವರೆಗೆ ಯಾರ ದುಡ್ಡಿನ ಮೇಲೆ ಕಾಯುತ್ತಿದ್ದೇವೆ? ಸಿಕ್ಕ ಮೇಲೆ ಮೊದಲ ಲೋಟ ಯಾರಿಗೆ?

ಮತ್ತೆ ಕ್ರಿಸ್‌ಎನರ್ಜಿಗೆ ಬರೋಣ. 2019ರ ಆಗಸ್ಟ್ 14ರಂದು ಷೇರಿನ ವಹಿವಾಟು ನಿಂತಿತು. ಸಾಲಗಾರರು ಸದ್ಯಕ್ಕೆ ಮೈಮೇಲೆ ಬೀಳದಂತೆ ತಡೆ ಕೊಡಿ ಎಂದು ಕಂಪನಿ ಸಿಂಗಪುರದ ಹೈಕೋರ್ಟಿಗೆ ಹೋಯಿತು. ಆ ಹೊತ್ತಿಗೆ ಷೇರಿನ ಬೆಲೆ ಕೆಲವೇ ಸೆಂಟು. ಇಟ್ಟುಕೊಳ್ಳಲೋ ಮಾರಲೋ ಎಂಬ ಚರ್ಚೆ ಅಂದಿಗೆ ಮುಗಿಯಿತು, ಏಕೆಂದರೆ ಮಾರಲು ಪೇಟೆಯೇ ಇಲ್ಲ. ಮುಂದಿನ ವರ್ಷ ಕೋವಿಡ್ ಬಂತು, ಎಣ್ಣೆ ಕೇಳುವವರಿಲ್ಲದೆ ಅಮೆರಿಕದಲ್ಲಿ ಒಂದು ದಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು. ಅಂಥ ಕಾಲದಲ್ಲೂ ಕೆಲಸ ನಡೆದು, 2020ರ ಡಿಸೆಂಬರ್ 28ರಂದು ಅಪ್ಸರಾದಿಂದ ಎಣ್ಣೆ ಬಂತು! ಕಾಂಬೋಡಿಯಾದ ಚರಿತ್ರೆಯಲ್ಲೇ ಮೊದಲ ಎಣ್ಣೆ. ಪ್ರಧಾನಿ ಹುನ್ ಸೆನ್ ದೇಶಕ್ಕೆ ಸಂತೋಷದಿಂದ ಸುದ್ದಿ ಹೇಳಿದರು. ಇಷ್ಟು ವರ್ಷ ಬೈಸಿಕೊಂಡ ನಂಬಿಕೆಯ ದನಿಯವರು ಆ ದಿನ ಎಷ್ಟು ಹಿಗ್ಗಿರಬೇಕು.

ದಿನಕ್ಕೆ 7,500 ಬ್ಯಾರಲ್ ತನಕ ಬರಬಹುದೆಂದು ಅಂದಾಜಿತ್ತು. ಐದು ಬಾವಿ ಕೊರೆದ ಮೇಲೆ ನಿಂತ ಲೆಕ್ಕ ಅದರ ಅರ್ಧಕ್ಕೂ ಕಡಿಮೆ. ಬಾವಿ ಒಣಗಿರಲಿಲ್ಲ, ಎಣ್ಣೆ ಬರುತ್ತಲೇ ಇತ್ತು. ಮುಂದಿನ ಪಂಕ್ತಿಗಳಿಗೇ ಅದು ಸಾಲಲಿಲ್ಲ, ಅಷ್ಟೆ. 2021ರ ಜೂನ್ 4ರಂದು ಸಾಲ ತೀರಿಸಲು ಆಗದು ಎಂದು ಕಂಪನಿ ಪ್ರಕಟಿಸಿತು. ಅದು ನೋಂದಣಿಯಾಗಿದ್ದ ಕೇಮನ್ ದ್ವೀಪಗಳ ನ್ಯಾಯಾಲಯದಲ್ಲಿ ಮುಚ್ಚುವ ಅರ್ಜಿ ಹಾಕಲು ಹೊರಟಿತು. ತೆಗೆದ ಎಣ್ಣೆಯನ್ನು ತುಂಬಿಟ್ಟಿದ್ದ ಸ್ಟ್ರೊವೊಲೋಸ್ ಎಂಬ ಹಡಗು ಸುಮಾರು 3 ಲಕ್ಷ ಬ್ಯಾರಲಿನೊಂದಿಗೆ ಅಲ್ಲಿಂದ ಹೊರಟೇಹೋಯಿತು. ಕಾಂಬೋಡಿಯಾ ಅದನ್ನು ಕಳವು ಎಂದಿತು, ಬಾಡಿಗೆ ಬಾಕಿ ಎಂದು ಹಡಗಿನ ಕಡೆಯವರು ಹೇಳಿದರು. ಜುಲೈನಲ್ಲಿ ಇಂಡೋನೇಷ್ಯಾದ ನೌಕಾಪಡೆ ಅದನ್ನು ಹಿಡಿದು ನಿಲ್ಲಿಸಿತು. ಹದಿನಾರು ವರ್ಷ ಕಾದ ದೇಶದ ಮೊದಲ ಎಣ್ಣೆ ಹೀಗೆ ಬೇರೆಯವರ ನೀರಿನಲ್ಲಿ ಲಂಗರು ಹಾಕಿತು.

ಅದೇ ತಿಂಗಳು ಹೈಫ್ಲಕ್ಸ್ ಅನ್ನು ಮುಚ್ಚಲು ಸಿಂಗಪುರದ ಹೈಕೋರ್ಟ್ ಆದೇಶ ಕೊಟ್ಟಿತು. ಅದು ನಮ್ಮ ನೆರೆಯ ಕಂಪನಿ. ಮೊದಲು ಕಲ್ಲಾಂಗ್ ಬಾರುವಿನಲ್ಲಿ, ಆಮೇಲೆ ಬೆಂಡಮೀರ್ ರಸ್ತೆಯಲ್ಲಿ ಅದರ ಕಚೇರಿ ಇತ್ತು. ಅವರದು ಎಣ್ಣೆಯಲ್ಲ, ನೀರು. ಷೇರಿಗಿಂತ ಒಂದೇ ಒಂದು ಮೆಟ್ಟಿಲು ಮೇಲಿನ ಪತ್ರಗಳನ್ನು ಕೊಂಡು ಸುಮಾರು 34,000 ಸಾಮಾನ್ಯ ಜನ ಸುಮಾರು 90 ಕೋಟಿ ಡಾಲರ್ ಹಾಕಿದ್ದರು. ಬಡ್ಡಿ ಚೆನ್ನಾಗಿತ್ತು, ಹೆಸರು ದೊಡ್ಡದಿತ್ತು, ಕಡಲ ನೀರನ್ನು ಸಿಹಿಯಾಗಿಸುವ ಸ್ಥಾವರ ಕಣ್ಣೆದುರೇ ಇತ್ತು. ಆ ಸ್ಥಾವರವನ್ನು 2019ರಲ್ಲಿ ಪಿಯುಬಿ ಸೊನ್ನೆ ಡಾಲರಿಗೆ ವಹಿಸಿಕೊಂಡಿತು. ನಿಮ್ಮ ಮನೆಯ ನಲ್ಲಿಯ ನೀರಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ವಸ್ತು ನಿಜ, ಕೆಲಸ ನಿಜ, ಪತ್ರ ಹಿಡಿದವರ ಎಲೆ ಮಾತ್ರ ಖಾಲಿ.

ಕ್ರಿಸ್‌ಎನರ್ಜಿಯ ಥಾಯ್ಲೆಂಡಿನ ಬಾವಿಗಳಿಗೂ ಇಂಥದೇ ಗತಿ. ವಾಸನಾ ಎಂಬ ಎಣ್ಣೆ ಕ್ಷೇತ್ರವನ್ನು ಹೊಂದಿದ್ದ ಅದರ ಅಂಗಸಂಸ್ಥೆಯನ್ನು ಕೆನಡಾ ಮೂಲದ ವಲೂರಾ ಎಂಬ ಕಂಪನಿ 2022ರಲ್ಲಿ ಕೊಂಡಿತು. 2023ರಲ್ಲಿ ಅಲ್ಲಿ ಮತ್ತೆ ಎಣ್ಣೆ ಹರಿಯಿತು. ಹಳೆಯ ಸಾಲದ ಹೊರೆ ತಲೆಯ ಮೇಲಿಲ್ಲದವರ ಕೈಯಲ್ಲಿ ಅದೇ ಬಾವಿ ಗಿಟ್ಟಿತು. ನಂಬಿಕೆಯ ದನಿಯವರು ನೆಲದ ಬಗ್ಗೆ ಹೇಳಿದ್ದು ಸುಳ್ಳಾಗಿರಲಿಲ್ಲ.

ಇಂಥ ಷೇರು ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ, ನಾನು ಹಣಕಾಸಿನ ಸಲಹೆಗಾರಳೂ ಅಲ್ಲ. ಕೊಳ್ಳುವ ಮೊದಲು ಎಸ್‌ಜಿಎಕ್ಸ್ ತಾಣದಲ್ಲಿ ಆ ಕಂಪನಿಯ ವಾರ್ಷಿಕ ವರದಿ ತೆಗೆಯಿರಿ. ಮುಂದಿನ ಪುಟಗಳಲ್ಲಿ ಹೆಲ್ಮೆಟ್ ಹಾಕಿ ನಗುವವರ ಚಿತ್ರ ಇರುತ್ತದೆ, ದಾಟಿ ಹೋಗಿ. ಲೆಕ್ಕಪರಿಶೋಧಕರ ಮಾತಿನಲ್ಲಿ ‘ಗೋಯಿಂಗ್ ಕನ್ಸರ್ನ್’ ಎಂಬ ಪದದ ಹತ್ತಿರ ‘ಅನಿಶ್ಚಿತತೆ’ ಎಂದು ಕಂಡರೆ ನಿಂತು ಓದಿ. ಕಂಪನಿ ಇನ್ನೊಂದು ವರ್ಷ ಬದುಕುವುದೇ ಅನುಮಾನ ಎಂದು ಅದನ್ನು ನೋಡಿದವರೇ ಸಭ್ಯವಾಗಿ ಹೇಳುತ್ತಿದ್ದಾರೆ. ಸಾಲ ಯಾವ ವರ್ಷ ತೀರಿಸಬೇಕು ಎಂಬ ಪಟ್ಟಿಯನ್ನೂ, ಮೊದಲ ಎಣ್ಣೆ ಯಾವ ವರ್ಷ ಎಂಬ ಭರವಸೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅರ್ಹ ತಜ್ಞರಿಂದ ಬರೆಸಿದ ನಿಕ್ಷೇಪದ ವರದಿಯೂ ಸಿಗುತ್ತದೆ, ಅದರಲ್ಲಿ 1ಪಿ ಸಾಲು ಮಾತ್ರ ಓದಿದರೂ ಆದೀತು.

ಇನ್ನು ಏಪ್ರಿಲ್ ತಿಂಗಳಲ್ಲಿ ಹೆಚ್ಚಿನ ಕಂಪನಿಗಳ ವಾರ್ಷಿಕ ಸಭೆ ಇರುತ್ತದೆ. ಷೇರು ನಿಮ್ಮ ಸಿಡಿಪಿ ಖಾತೆಯಲ್ಲೇ ಇದ್ದರೆ ಎಷ್ಟು ಕಡಿಮೆ ಇದ್ದರೂ ಒಳಗೆ ಹೋಗಿ ಪ್ರಶ್ನೆ ಕೇಳಬಹುದು. ಆ್ಯಪ್ ಮೂಲಕ ಕೊಂಡಿದ್ದರೆ ಷೇರು ಸಾಮಾನ್ಯವಾಗಿ ದಲ್ಲಾಳಿ ಸಂಸ್ಥೆಯ ಹೆಸರಿನಲ್ಲಿರುತ್ತದೆ, ಆದ್ದರಿಂದ ಮುಂಚೆಯೇ ಅವರಿಗೆ ಬರೆದು ಅನುಮತಿ ಪಡೆಯಬೇಕು. ಅಲ್ಲಿ ಬಿಳಿಗೂದಲಿನ ಅಂಕಲ್ ಆಂಟಿಯರೇ ಹೆಚ್ಚು. ಸಭೆ ಮುಗಿದ ಮೇಲಿನ ತಿಂಡಿಗೆಂದೇ ಬರುತ್ತಾರೆ ಎಂದು ಅವರನ್ನು ಹಾಸ್ಯ ಮಾಡುವವರಿದ್ದಾರೆ. ಅವರ ಪಕ್ಕದಲ್ಲೇ ಕೂತುಕೊಳ್ಳಿ. ಸಾಲದ ಗಡುವಿನ ಬಗ್ಗೆ ಮೊದಲ ಪ್ರಶ್ನೆ ಸಾಮಾನ್ಯವಾಗಿ ಆ ಸಾಲಿನಿಂದಲೇ ಏಳುತ್ತದೆ.